ಸೊನ್ನಲಿಗೆಯ ಕೆರೆದಂಡೆಯ ವಾದ

ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗವನ್ನು ನಾವು ಸೊಲ್ಲಾಪುರದವರು ಕೈಮುಗಿದು ಓದುತ್ತೇವೆ. ವಾದವೆಂದು ಓದುವುದು ಕಡಿಮೆ. ಆದರೆ ಅದು ವಾದವೇ. ಸೊನ್ನಲಿಗೆಗೆ ಬಂದ ಅಲ್ಲಮಪ್ರಭುಗಳು, ಕೆರೆ ತೋಡಿಸುತ್ತಿದ್ದ ಶಿವಯೋಗಿಯನ್ನು ಅವರ ಊರಿನಲ್ಲೇ, ಅವರ ಜನರೆದುರೇ ಬಿರುನುಡಿಯಿಂದ ಕೆಣಕುತ್ತಾರೆ. ಜನ ಕಲ್ಲೆಸೆಯುತ್ತಾರೆ, ಸಿದ್ಧರಾಮರು ಉರಿಗಣ್ಣು ತೆರೆಯುತ್ತಾರೆ. ಈ ಕೋಪವನ್ನು ಕೃತಿ ಮರೆಮಾಚಿಲ್ಲ. ಅದರ ದೊಡ್ಡತನ ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಕೋಪವಿಳಿದ ಬಳಿಕ ಪ್ರಶ್ನೆ ಹುಟ್ಟುತ್ತದೆ. ಆಮೇಲೆ ಕಲ್ಯಾಣದ ಹಾದಿ, ಅಲ್ಲಿ ಎಳೆಯ ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ. ಮಲ್ಲಯ್ಯನನ್ನರಸಿ ಶ್ರೀಶೈಲಕ್ಕೆ ಹೋದ ರಾಘವಾಂಕನ ಮುಗ್ಧ ಬಾಲಕನೇ ಇವರೆಂದು ನೆನೆದರೆ, ಆ ಮನಸ್ಸು ಎಷ್ಟು ದೂರ ನಡೆದು ಬಂತೆಂಬುದು ತಿಳಿಯುತ್ತದೆ.

ಅಕ್ಕಲಕೋಟೆ ತಾಲೂಕಿನ ತರಗತಿಯೊಂದರಲ್ಲಿ ಈ ಕಥೆ ಹೇಳುವಾಗ ಒಬ್ಬ ಹುಡುಗ, "ನೀರಿಲ್ಲದ ಊರಲ್ಲಿ ಕೆರೆ ತೋಡುವುದು ತಪ್ಪೇನ್ರೀ ಸರ?" ಎಂದು ಕೇಳಿದ್ದ. ಪರೀಕ್ಷೆ ಹತ್ತಿರವಿತ್ತು, ಕುಳಿತುಕೋ ಎಂದೆವು. ಅಲ್ಲಮರ ಆಕ್ಷೇಪ ಕೆರೆಯ ಮೇಲಲ್ಲ, ಕಟ್ಟಿಸಿದೆನೆಂಬ ಭಾವದ ಮೇಲೆ ಎನ್ನಬಹುದಿತ್ತು. ಹುಡುಗ ಒಪ್ಪುತ್ತಿದ್ದನೋ ಇಲ್ಲವೋ! ಒಪ್ಪದಿದ್ದರೆ ಆ ದಿನದ ಪಾಠ ಇನ್ನೂ ಚೆನ್ನಾಗುತ್ತಿತ್ತು.

ಸಿದ್ಧರಾಮರು ದೀಕ್ಷೆ ಪಡೆದರು, ಕೆರೆಯೂ ಉಳಿಯಿತು. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಬರುವ ಕನ್ನಡ, ಮರಾಠಿ, ತೆಲುಗು ಮಾತಿನ ಜನ ಇಂದಿಗೂ ಅದರ ದಂಡೆಯಲ್ಲೇ ಸೇರುತ್ತಾರೆ.