ಹೊಳಿ ಹೇಳುವ ತಿಂಗಳು

ಕೃಷ್ಣಾ ದಡದ ತಿಂಥಣಿಯ ಹಿರಿಯರು ಪ್ರವಾಹಕ್ಕೆ ಪ್ರವಾಹ ಅನ್ನುವುದಿಲ್ಲ. 'ಹೊಳಿ ಬಂತು' ಅನ್ನುತ್ತಾರೆ. ಊರ ಮೇಲೆ ಮೋಡ ಇಲ್ಲದಿದ್ದರೂ ಮಹಾಬಳೇಶ್ವರದ ಕಡೆ ಮಳೆ ಹಿಡಿದರೆ ಕೃಷ್ಣೆ ಕೆಂಪಾಗಿ ಏರುತ್ತಾಳೆ. ಹೊಳೆಯ ಈ ನಡಿಗೆ ಗೊತ್ತಿದ್ದವರು ಹಳೆಯ ದಂಡಯಾತ್ರೆಯ ತಿಂಗಳನ್ನೂ ಹಿಡಿಯಬಲ್ಲರು.

ಗ್ರೀಕರ ಕ್ಸೆನೊಫೋನ್ ಕ್ರಿ.ಪೂ. 401ರ ತನ್ನ ದಂಡಿನ ಕಥೆಯಲ್ಲಿ ದಿನಾಂಕ ಬರೆಯಲಿಲ್ಲ. ಥಾಪ್ಸಾಕಸ್‌ನಲ್ಲಿ ಸೈನಿಕರು ಎದೆಮಟ್ಟ ನೀರಿನಲ್ಲಿ ಯೂಫ್ರಟಿಸ್ ದಾಟಿದರು ಎಂದಷ್ಟೇ ಹೇಳಿದ. ಹಿಮ ಕರಗುವ ವಸಂತದಲ್ಲಿ ಆ ನದಿ ತುಂಬಿರುತ್ತಿತ್ತು. ದಂಡು ಯಾವ ತಿಂಗಳಲ್ಲಿ ದಾಟಿತು ಎಂಬ ವಿದ್ವಾಂಸರ ಜಗಳಕ್ಕೆ ಅಷ್ಟೇ ಸಾಕಾಯಿತು.

ನಮ್ಮ ಕೃಷ್ಣೆಯದೂ ಅಂಥದೇ ಕಥೆ. ಹಿಜರಿ 801ರಲ್ಲಿ ವಿಜಯನಗರದ ದಂಡು ರಾಯಚೂರು ದೋಆಬಿಗೆ ನುಗ್ಗಿತು. ಬಹಮನಿ ಸುಲ್ತಾನ ಫಿರೋಜ್ ಷಾ ಎದುರು ದಡಕ್ಕೆ ಬಂದ. ನದಿ ತುಂಬಿತ್ತು ಎನ್ನುತ್ತಾನೆ ಇತಿಹಾಸಕಾರ ಫೆರಿಸ್ತಾ. ಫಿರೋಜನ ಕಡೆಯ ಕಾಜಿ ಸಿರಾಜ್ ಕುಣಿಯುವವರ ವೇಷದಲ್ಲಿ ವಿಜಯನಗರದ ರಾಯನ ಮಗನ ಡೇರೆ ಹೊಕ್ಕು ಅವನನ್ನು ಕೊಂದ. ಆ ಗದ್ದಲದಲ್ಲೇ ಫಿರೋಜನ ಸೈನಿಕರು ಚರ್ಮ ಹೊದಿಸಿದ ಬುಟ್ಟಿಗಳಲ್ಲಿ, ಅಂದರೆ ನಮ್ಮ ಹರಿಗೋಲುಗಳಲ್ಲಿ, ಹೊಳೆ ದಾಟಿದರು.

ಆ ಹಿಜರಿ ವರ್ಷ 1398ರ ಸೆಪ್ಟೆಂಬರ್‌ನಿಂದ ಮುಂದಿನ ಸೆಪ್ಟೆಂಬರ್‌ವರೆಗೆ ಹರಡಿದೆ. ಬರೀ ಪಂಚಾಂಗ ಹಿಡಿದು ಕೂತವರು ಇಲ್ಲೇ ನಿಲ್ಲುತ್ತಾರೆ. ರಾಬರ್ಟ್ ಸಿವೆಲ್ ನಿಲ್ಲಲಿಲ್ಲ. ವಿಜಯನಗರದ ಚರಿತ್ರೆ ಹೇಳುವ 1900ರ ತನ್ನ ಪುಸ್ತಕದಲ್ಲಿ ಅವನು ಮಣ್ಣನ್ನು ಕೇಳಿದ: ಡಿಸೆಂಬರ್‌ಗೆ ಮುಂಚೆ ಎರೆಹೊಲದಲ್ಲಿ ದಂಡು ನಡೆಯದು.

ಇದು ಸುರಪುರದ ರೈತರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಹಸಿ ಎರೆಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ಬಂಡಿಯ ಗಾಲಿ ಹೂತರೆ ಎತ್ತು ಮೊಣಕಾಲೂರುತ್ತದೆ.

ಆದರೆ ಸಿವೆಲ್‌ನ ಮಣ್ಣಿನ ಜೊತೆ ಫೆರಿಸ್ತಾನ ನೀರನ್ನೂ ಇಡಬೇಕು. ಮಣ್ಣು 'ಇದಕ್ಕಿಂತ ಮುಂಚೆ ಅಲ್ಲ' ಅನ್ನುತ್ತದೆ. ಹರಿಗೋಲು ಬೇಕಾಗುವಷ್ಟು ನೀರು 'ಇದಕ್ಕಿಂತ ತಡವೂ ಅಲ್ಲ' ಅನ್ನುತ್ತದೆ. ಎರಡೂ ಕೂಡುವುದು ಡಿಸೆಂಬರ್ ಆಸುಪಾಸಿನಲ್ಲೇ. ಯುದ್ಧವನ್ನು ಬೇಸಿಗೆಗೆ ತಳ್ಳುವ ವಾದ ಇಲ್ಲಿ ನಿಲ್ಲದು.

ಇಂದಿನ ಹೊಳೆ ನೋಡಿ ಇದನ್ನು ಅಳೆಯುವಂತಿಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟು ಬಂದ ಮೇಲೆ ತಿಂಥಣಿಯ ನೀರು ಗೇಟಿನ ಮಾತು ಕೇಳುತ್ತದೆ. ಅಣೆಕಟ್ಟಿಗೆ ಮುಂಚೆ ಯಾವ ಹಬ್ಬದ ಹೊತ್ತಿಗೆ ಹರಿಗೋಲು ಬಿಟ್ಟು ಕಾಲ್ನಡಿಗೆಯಲ್ಲಿ ದಾಟುತ್ತಿದ್ದರು ಎಂಬುದನ್ನು ಬಲ್ಲ ಅಜ್ಜ-ಅಜ್ಜಿಯರು ಮನೆಯಲ್ಲಿದ್ದರೆ, ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.