ಮೇಜರ್ ಟೇಲರನ ಆತ್ಮಚರಿತ್ರೆಯೂ ಸೈಕಲ್ ವಿಹಾರದಲ್ಲಿ ವರ್ಣಭೇದದ ಇತಿಹಾಸವೂ

ಸೈಕಲ್ಲಿನ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ನಡೆದಿದ್ದಾರೆ. ಒಂದು ಯಂತ್ರದ ದಾರಿ. ಇನ್ನೊಂದು ವೀರರ ದಾರಿ. ಮೊದಲನೆಯದರಲ್ಲಿ ೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆಯು ಹೊರತಂದ 'ರೋವರ್' ಗಾಡಿ, ೧೮೮೮ರಲ್ಲಿ ಡನ್ಲಪ್ ರೂಢಿಗೆ ತಂದ ಗಾಳಿ ತುಂಬಿದ ಟೈರು ಮೊದಲಾದುವು ಮುಖ್ಯವಾಗುತ್ತವೆ; ಎರಡನೆಯದರಲ್ಲಿ ಓಟದ ಅಂಗಳದ ಗೆಲುವುಗಳೂ ದಾಖಲೆಗಳೂ ಮುಖ್ಯವಾಗುತ್ತವೆ. ಈ ಎರಡು ದಾರಿಗಳ ನಡುವೆ ಮೂರನೆಯ ಪ್ರಶ್ನೆಯೊಂದು ಉಳಿದುಹೋಗಿದೆ. ಬಿಡುವಿನ ದಿನ, ಯಾವ ಪಂದ್ಯದ ಹಂಗೂ ಇಲ್ಲದೆ, ಕೇವಲ ಸಂತೋಷಕ್ಕಾಗಿ ಸೈಕಲ್ ಏರಿ ಹೊರಟವರು ಯಾರು? ಅವರು ಯಾರನ್ನು ಜೊತೆಗೆ ಸೇರಿಸಿಕೊಂಡರು, ಯಾರನ್ನು ಹೊರಗಿಟ್ಟರು? ಅಮೆರಿಕದ ಸಂಯುಕ್ತ ಸಂಸ್ಥಾನಗಳ ಮಟ್ಟಿಗೆ ಈ ಪ್ರಶ್ನೆಯು ವರ್ಣಭೇದದ ಪ್ರಶ್ನೆಯೇ ಆಗಿದೆ. ಇದಕ್ಕೆ ಉತ್ತರವನ್ನು ಹುಡುಕುವವರು ಮೊದಲು ಕೈಗೆತ್ತಿಕೊಳ್ಳುವ ಗ್ರಂಥವೆಂದರೆ ಮೇಜರ್ ಟೇಲರನ ಆತ್ಮಚರಿತ್ರೆ. ಆ ಗ್ರಂಥವು ಈ ಪ್ರಶ್ನೆಗೆ ಎಷ್ಟರಮಟ್ಟಿಗೆ ಉತ್ತರ ಕೊಡುತ್ತದೆ, ಎಷ್ಟರಮಟ್ಟಿಗೆ ಅದನ್ನು ಮರೆಮಾಡುತ್ತದೆ ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಗ್ರಂಥಕರ್ತನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮಾರ್ಷಲ್ ವಾಲ್ಟರ್ ಟೇಲರ್ ೧೮೭೮ರಲ್ಲಿ ಇಂಡಿಯಾನಾ ಸಂಸ್ಥಾನದಲ್ಲಿ ಜನಿಸಿದನು. ತಂದೆಯು ಇಂಡಿಯಾನಾಪೊಲಿಸ್ ನಗರದ ಸಿರಿವಂತ ಬಿಳಿಯರ ಮನೆಯೊಂದರಲ್ಲಿ ಸಾರಥಿಯಾಗಿದ್ದನು. ಆ ಮನೆಯ ಹುಡುಗನಿಗೆ ಒಡನಾಡಿಯಾಗಿ ಬೆಳೆದ ಮಾರ್ಷಲನಿಗೆ ಅಲ್ಲಿಯೇ ಸೈಕಲ್ಲಿನ ಪರಿಚಯವಾಯಿತು. ಮುಂದೆ ಸೈಕಲ್ ಅಂಗಡಿಯೊಂದರ ಎದುರು ಸೈನಿಕನ ಉಡುಪು ತೊಟ್ಟು ಚಮತ್ಕಾರಗಳನ್ನು ತೋರಿಸುತ್ತಿದ್ದುದರಿಂದ 'ಮೇಜರ್' ಎಂಬ ಅಡ್ಡಹೆಸರು ಅಂಟಿಕೊಂಡಿತು. ೧೮೯೫ರಲ್ಲಿ, ತನ್ನ ಹಿತೈಷಿಯಾದ ಲೂಯಿ ಮಂಗರನೊಡನೆ ಮ್ಯಾಸಚೂಸೆಟ್ಸಿನ ವೂಸ್ಟರಿಗೆ ಹೋಗಿ ನೆಲೆಸಿದನು. ೧೮೯೯ರಲ್ಲಿ ಮಾಂಟ್ರಿಯಲ್ಲಿನಲ್ಲಿ ಒಂದು ಮೈಲಿಯ ಓಟದಲ್ಲಿ ಜಗತ್ತಿನ ಚಾಂಪಿಯನ್ ಎನಿಸಿದನು. ೧೯೦೧ರಲ್ಲಿ ಯೂರೋಪಿನಲ್ಲಿಯೂ, ಬಳಿಕ ಆಸ್ಟ್ರೇಲಿಯದಲ್ಲಿಯೂ ಕೀರ್ತಿ ಪಡೆದನು. ೧೯೧೦ರಲ್ಲಿ ಓಟದಿಂದ ನಿವೃತ್ತನಾದನು. ೧೯೨೮ರಲ್ಲಿ ವೂಸ್ಟರಿನಿಂದ ತನ್ನ ಆತ್ಮಚರಿತ್ರೆಯನ್ನು ಸ್ವಂತ ಖರ್ಚಿನಿಂದಲೇ ಪ್ರಕಟಿಸಿ, ಪ್ರತಿಗಳನ್ನು ತಾನೇ ಮಾರುತ್ತ ತಿರುಗಿದನು. ೧೯೩೨ರಲ್ಲಿ ಷಿಕಾಗೋವಿನ ಧರ್ಮಾರ್ಥ ಆಸ್ಪತ್ರೆಯೊಂದರಲ್ಲಿ ನಿರ್ಗತಿಕನಾಗಿ ತೀರಿಕೊಂಡನು.

'ದಿ ಫಾಸ್ಟೆಸ್ಟ್ ಬೈಸಿಕಲ್ ರೈಡರ್ ಇನ್ ದಿ ವರ್ಲ್ಡ್' ಎಂಬುದು ಆ ಗ್ರಂಥದ ಹೆಸರು. ಮಹಾ ವಿಘ್ನಗಳನ್ನು ಎದುರಿಸಿ ಗೆದ್ದ ಕರಿಯ ಹುಡುಗನೊಬ್ಬನ ಧೈರ್ಯದ ಕಥೆಯೆಂದು ಉಪಶೀರ್ಷಿಕೆಯೇ ಸಾರುತ್ತದೆ. ಗ್ರಂಥದ ಬಹುಭಾಗವು ಓಟಗಳ ವೃತ್ತಾಂತ. ಅಂದಂದಿನ ಪತ್ರಿಕಾ ವರದಿಗಳನ್ನು ಲೇಖಕನು ಧಾರಾಳವಾಗಿ ಉದ್ಧರಿಸಿದ್ದಾನೆ. ಸಾಹಿತ್ಯದೃಷ್ಟಿಯಿಂದ ಇದು ದೋಷವೆಂದು ಯಾರಾದರೂ ಹೇಳಬಹುದು. ಒಂದು ಓಟದ ವರ್ಣನೆ ಇನ್ನೊಂದರಂತೆಯೇ ಇರುವುದರಿಂದ ಓದುಗನಿಗೆ ಬೇಸರವೂ ಆಗಬಹುದು. ಆದರೆ ಲೇಖಕನ ಇಂಗಿತವನ್ನು ಗಮನಿಸಬೇಕು. ಕರಿಯನೊಬ್ಬನು ತನ್ನ ಗೆಲುವನ್ನು ತಾನೇ ಹೇಳಿದರೆ ನಂಬದ ಜನರೆದುರು ಆತನು ಸಾಕ್ಷ್ಯವನ್ನು ಮಂಡಿಸುತ್ತಿದ್ದಾನೆ. ಬಿಳಿಯರ ಪತ್ರಿಕೆಗಳ ಮಾತನ್ನೇ ಮುಂದಿಟ್ಟು ಬಿಳಿಯರನ್ನು ಒಪ್ಪಿಸುವ ವಿಧಾನವಿದು. ಈ ದೃಷ್ಟಿಯಿಂದ ನೋಡಿದರೆ ಗ್ರಂಥದ ಶೈಲಿಯೇ ವರ್ಣಭೇದದ ಇತಿಹಾಸಕ್ಕೆ ಒಂದು ದಾಖಲೆಯಾಗಿದೆ.

ಅನ್ಯಾಯದ ಪ್ರಸಂಗಗಳನ್ನು ಹೇಳುವಾಗ ಟೇಲರನ ಸಂಯಮವು ಮೆಚ್ಚತಕ್ಕದ್ದು. ಬಾಲ್ಯದಲ್ಲಿ ಇಂಡಿಯಾನಾಪೊಲಿಸ್ಸಿನ ಕ್ರೈಸ್ತ ಯುವಕರ ಸಂಘದ ವ್ಯಾಯಾಮಶಾಲೆಗೆ ಬಣ್ಣದ ಕಾರಣದಿಂದ ತನ್ನನ್ನು ಸೇರಿಸದಿದ್ದುದನ್ನು ಅವನು ಮರೆತಿಲ್ಲ. ೧೮೯೭ರಲ್ಲಿ ಮ್ಯಾಸಚೂಸೆಟ್ಸಿನ ಟಾಂಟನ್ ಎಂಬಲ್ಲಿ ಓಟ ಮುಗಿದೊಡನೆ ಪ್ರತಿಸ್ಪರ್ಧಿಯೊಬ್ಬನು ಅವನ ಕತ್ತು ಹಿಸುಕಿ ಮೂರ್ಛೆಗೊಳಿಸಿದನು. ಅಪರಾಧಿಗೆ ವಿಧಿಸಿದ ಶಿಕ್ಷೆಯು ೫೦ ಡಾಲರುಗಳ ದಂಡ ಮಾತ್ರ. ದಕ್ಷಿಣದ ಓಟದಂಗಳಗಳು ಅವನಿಗೆ ಪ್ರವೇಶವನ್ನೇ ಕೊಡಲಿಲ್ಲ. ಇವೆಲ್ಲವನ್ನೂ ಹೇಳಿ, ಯಾರ ಮೇಲೂ ತನಗೆ ದ್ವೇಷವಿಲ್ಲವೆಂಬ ಭಾವದಿಂದ ಅವನು ಮುಂದೆ ಸಾಗುತ್ತಾನೆ.

ಇಷ್ಟಾದರೂ ಈ ಗ್ರಂಥವೊಂದನ್ನೇ ಓದಿದವರಿಗೆ ಒಂದು ತಪ್ಪು ಅಭಿಪ್ರಾಯ ಉಂಟಾಗುವ ಸಂಭವವಿದೆ. ವರ್ಣಭೇದದ ಕಾಳಗವು ಓಟದಂಗಳದಲ್ಲಿ ನಡೆಯಿತು. ಅಸಾಧಾರಣ ಪ್ರತಿಭೆಯುಳ್ಳವನೊಬ್ಬನು ಅದನ್ನು ಗೆದ್ದನು. ಅಲ್ಲಿಗೆ ಕಥೆ ಮುಗಿಯಿತು ಎಂಬುದೇ ಆ ಅಭಿಪ್ರಾಯ. ಆದರೆ ಬಹಿಷ್ಕಾರದ ಬಲವಾದ ಗೋಡೆಯು ಎದ್ದುದು ಓಟದಂಗಳದಲ್ಲಲ್ಲ, ವಿಹಾರದ ಹಾದಿಯಲ್ಲಿ.

'ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್' ಎಂಬ ಸಂಸ್ಥೆಯು ೧೮೮೦ರಲ್ಲಿ ನ್ಯೂಪೋರ್ಟಿನಲ್ಲಿ ಸ್ಥಾಪಿತವಾಯಿತು. ೧೮೯೮ರ ವೇಳೆಗೆ ಅದರ ಸದಸ್ಯರ ಸಂಖ್ಯೆ ಒಂದು ಲಕ್ಷವನ್ನು ದಾಟಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಓಟಗಳ ಆಡಳಿತವೂ ಅದರ ಕೈಯಲ್ಲಿದ್ದಿತು. ಆದರೆ ಅದರ ಮುಖ್ಯ ಬಲವು ಸಾಮಾನ್ಯ ಸವಾರನೇ ಆಗಿದ್ದನು. ರಸ್ತೆಯ ನಕ್ಷೆಗಳು, ವಸತಿಗೃಹಗಳಲ್ಲಿ ರಿಯಾಯಿತಿ, ವಾರ್ಷಿಕ ಮೇಳಗಳು, ಊರಿಂದೂರಿಗೆ ಜೊತೆ, ಇವು ಸದಸ್ಯನಿಗೆ ದೊರೆಯುತ್ತಿದ್ದ ಲಾಭಗಳು. ೧೮೯೪ರ ಫೆಬ್ರವರಿಯಲ್ಲಿ ಕೆಂಟಕಿಯ ಲೂಯಿವಿಲ್ ನಗರದಲ್ಲಿ ಸೇರಿದ ಸಭೆಯಲ್ಲಿ ಸದಸ್ಯತ್ವದ ನಿಯಮಕ್ಕೆ 'ಬಿಳಿಯ' ಎಂಬ ಒಂದೇ ಒಂದು ಪದವನ್ನು ಸೇರಿಸಲಾಯಿತು. ಪರವಾಗಿ ೧೨೭ ಮತಗಳು, ವಿರುದ್ಧವಾಗಿ ೫೪. ದಕ್ಷಿಣದ ಸಂಸ್ಥಾನಗಳಲ್ಲಿ ಸದಸ್ಯತ್ವ ಬೆಳೆಯಬೇಕಾದರೆ ಕರಿಯರನ್ನು ಹೊರಗಿಡಬೇಕೆಂಬುದು ಪ್ರತಿಪಾದಕರ ವಾದವಾಗಿತ್ತು. ಹಿಂದೆ ಇದೇ ಯತ್ನವು ವಿಫಲವಾಗಿದ್ದಿತು. ಐವತ್ತನಾಲ್ಕು ಮಂದಿ ವಿರೋಧಿಸಿದುದನ್ನೂ ನಾವು ಮರೆಯಬಾರದು. ಕಾಲಧರ್ಮವೇ ಹಾಗಿತ್ತೆಂದು ಹೇಳಿ ಈ ನಿರ್ಣಯವನ್ನು ಕ್ಷಮಿಸುವವರಿಗೆ ಆ ಮತಗಳೇ ಉತ್ತರ. ಪ್ರತ್ಯೇಕವಾದರೂ ಸಮಾನವೆಂಬ ತತ್ತ್ವವನ್ನು ಅಮೆರಿಕದ ಪರಮೋಚ್ಚ ನ್ಯಾಯಾಲಯವು ಪ್ಲೆಸಿ ಮೊಕದ್ದಮೆಯಲ್ಲಿ ಎತ್ತಿಹಿಡಿದದ್ದು ೧೮೯೬ರಲ್ಲಿ. ವಿಹಾರಸಂಘವು ನ್ಯಾಯಾಲಯಕ್ಕಿಂತ ಎರಡು ವರ್ಷ ಮುಂದೆ ಹೋಗಿದ್ದಿತು.

ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದಾಗಿ, ಇದೇ ಲೀಗು ಒಳ್ಳೆಯ ರಸ್ತೆಗಳ ಚಳವಳಿಯ ಮುಂದಾಳಾಗಿತ್ತು. ೧೮೯೨ರಿಂದ ಅದಕ್ಕಾಗಿಯೇ ಒಂದು ಪತ್ರಿಕೆಯನ್ನು ನಡೆಸಿತು. ರಸ್ತೆಯು ಸಾರ್ವಜನಿಕ ಸ್ವತ್ತು, ಸರ್ಕಾರವು ಸರ್ವರ ಹಣದಿಂದ ಅದನ್ನು ಮಾಡಿಸಬೇಕೆಂದು ವಾದಿಸಿದ ಸಂಸ್ಥೆಯೇ ಆ ರಸ್ತೆಯ ಮೇಲೆ ಒಟ್ಟಿಗೆ ಹೋಗುವ ಹಕ್ಕನ್ನು ಕೆಲವರಿಗೆ ಮಾತ್ರ ಉಳಿಸಿಕೊಂಡಿತು. ಎರಡನೆಯದಾಗಿ, ನಿಷೇಧವು ಸದಸ್ಯತ್ವಕ್ಕೆ ಅನ್ವಯಿಸಿತೇ ಹೊರತು ಓಟಕ್ಕೆ ಅನ್ವಯಿಸಲಿಲ್ಲ. ಆದುದರಿಂದಲೇ ೧೮೯೯ರಲ್ಲಿ ಟೇಲರನು ಲೀಗಿನ ಆಡಳಿತಕ್ಕೊಳಪಟ್ಟ ಓಟಗಳಲ್ಲಿ ಗೆಲ್ಲುವುದು ಸಾಧ್ಯವಾಯಿತು; ಅದೇ ವರ್ಷ ಅವನ ಜನಾಂಗದ ಒಬ್ಬ ಉಪಾಧ್ಯಾಯನಾಗಲಿ ಗುಮಾಸ್ತನಾಗಲಿ ಲೀಗಿಗೆ ಹೊಸದಾಗಿ ಸೇರುವುದು ಸಾಧ್ಯವಿರಲಿಲ್ಲ. ಟಿಕೆಟು ಕೊಂಡ ಪ್ರೇಕ್ಷಕರೆದುರು ಓಡುವ ಕರಿಯನು ಲಾಭದಾಯಕ. ಪಕ್ಕದಲ್ಲಿ ಸಮಾನನಾಗಿ ಸವಾರಿ ಮಾಡುವ ಕರಿಯನು ಅಸಹ್ಯ. ಈ ವೈಷಮ್ಯವೇ ನಮ್ಮ ವಿಷಯದ ತಿರುಳು.

ಇನ್ನೊಂದು ಉದಾಹರಣೆಯೂ ಇದನ್ನೇ ಸಮರ್ಥಿಸುತ್ತದೆ. ೧೮೯೭ರ ಬೇಸಗೆಯಲ್ಲಿ ಇಪ್ಪತ್ತೈದನೆಯ ಪದಾತಿದಳದ ೨೦ ಮಂದಿ ಕರಿಯ ಯೋಧರು, ಲೆಫ್ಟಿನೆಂಟ್ ಜೇಮ್ಸ್ ಮಾಸ್ ಎಂಬ ಬಿಳಿಯ ಅಧಿಕಾರಿಯ ಕೈಕೆಳಗೆ, ಮೊಂಟಾನಾದ ಮಿಸ್ಸೂಲಾ ಕೋಟೆಯಿಂದ ಸೇಂಟ್ ಲೂಯಿಸಿಗೆ ಸುಮಾರು ೧,೯೦೦ ಮೈಲಿಗಳನ್ನು ೪೧ ದಿನಗಳಲ್ಲಿ ಸೈಕಲ್ಲಿನ ಮೇಲೆ ಕ್ರಮಿಸಿದರು. ಸೈನ್ಯಕ್ಕೆ ಸೈಕಲ್ಲು ಉಪಯೋಗವಾಗುವುದೇ ಎಂಬುದನ್ನು ಪರೀಕ್ಷಿಸುವುದು ಉದ್ದೇಶ. ಕೆಸರು, ಮಳೆ, ಮರಳು, ರೈಲುಹಳಿಯ ಅಡ್ಡಪಟ್ಟಿ ಯಾವುದೂ ಅವರನ್ನು ತಡೆಯಲಿಲ್ಲ. ಇಂತಹವರ ದೇಹಬಲವನ್ನು ಸರ್ಕಾರವು ಒಪ್ಪಿತು, ಪತ್ರಿಕೆಗಳು ಹೊಗಳಿದುವು. ಆದರೆ ಅವರಲ್ಲಿ ಯಾರಿಗೂ ರಜದ ದಿನ ಲೀಗಿನ ಮೇಳದಲ್ಲಿ ಸದಸ್ಯನಾಗಿ ಕುಳಿತುಕೊಳ್ಳುವ ಅರ್ಹತೆಯಿರಲಿಲ್ಲ. ಪ್ರದರ್ಶನಕ್ಕೂ ದುಡಿಮೆಗೂ ಸಲ್ಲುವ ದೇಹವು ವಿನೋದಕ್ಕೆ ಸಲ್ಲಲಿಲ್ಲ.

ಹಾಗಾದರೆ ಕರಿಯರು ವಿಹಾರಕ್ಕೆ ಸೈಕಲ್ ಹತ್ತಲಿಲ್ಲವೆ? ಹತ್ತಿದರು. ಟೇಲರನೇ ಇಂಡಿಯಾನಾಪೊಲಿಸ್ಸಿನಲ್ಲಿ 'ಸೀ-ಸಾ ಸರ್ಕಲ್' ಎಂಬ, ವೂಸ್ಟರಿನಲ್ಲಿ 'ಆಲ್ಬಿಯನ್' ಎಂಬ ಕರಿಯರ ಸೈಕಲ್ ಸಂಘಗಳೊಡನೆ ಸಂಬಂಧ ಹೊಂದಿದ್ದನು. ಬಾಸ್ಟನ್ನಿನಲ್ಲಿ 'ರಿವರ್‌ಸೈಡ್' ಸಂಘವಿತ್ತು. ಅದರ ಸದಸ್ಯೆಯಾಗಿದ್ದ ಕಿಟ್ಟಿ ನಾಕ್ಸ್ ಎಂಬ ಯುವತಿಯ ಚರಿತ್ರೆಯು ಗಮನಾರ್ಹವಾದುದು. ಹೊಲಿಗೆಯ ಕೆಲಸದಿಂದ ಜೀವಿಸುತ್ತಿದ್ದ ಈಕೆಯು ೧೮೯೩ರಲ್ಲಿ, ಅಂದರೆ ನಿಷೇಧಕ್ಕೆ ಮುಂಚೆಯೇ, ಲೀಗಿನ ಸದಸ್ಯತ್ವ ಪಡೆದಿದ್ದಳು. ಉದ್ದನೆಯ ಲಂಗವನ್ನು ಬಿಟ್ಟು ತಾನೇ ಹೊಲಿದುಕೊಂಡ ಸವಾರಿಯ ಉಡುಪನ್ನು ತೊಡುತ್ತಿದ್ದಳು. ೧೮೯೫ರಲ್ಲಿ ನ್ಯೂಜೆರ್ಸಿಯ ಆಸ್ಬರಿ ಪಾರ್ಕಿನಲ್ಲಿ ನಡೆದ ವಾರ್ಷಿಕ ಮೇಳದಲ್ಲಿ ಈಕೆ ತನ್ನ ಸದಸ್ಯತ್ವದ ಚೀಟಿಯನ್ನು ತೋರಿಸಿದಾಗ ಆಕ್ಷೇಪವೆದ್ದಿತು. ಮುಂದೆ ನಡೆದುದರ ವಿಷಯದಲ್ಲಿ ಅಂದಿನ ಪತ್ರಿಕೆಗಳು ಒಂದಕ್ಕೊಂದು ವಿರುದ್ಧವಾಗಿ ಬರೆದಿವೆ. ನಿಯಮವು ಪೂರ್ವಾನ್ವಯವಾಗಲಾರದು, ಆದಕಾರಣ ಆಕೆಯ ಸದಸ್ಯತ್ವವು ಸಿಂಧುವೆಂದು ಲೀಗು ಒಪ್ಪಬೇಕಾಯಿತು ಎಂಬುದು ಮಾತ್ರ ನಿಶ್ಚಿತ. ೧೯೦೦ರಲ್ಲಿ, ಇನ್ನೂ ತಾರುಣ್ಯದಲ್ಲಿಯೇ, ಆಕೆ ತೀರಿಕೊಂಡಳು. ಆಕೆ ಆತ್ಮಚರಿತ್ರೆ ಬರೆಯಲಿಲ್ಲ. ಪತ್ರಿಕೆಗಳ ಕಡತಗಳಲ್ಲಿ ಬಹುಕಾಲ ಹೂತುಹೋದಳು.

ಈಗ ಟೇಲರನ ಗ್ರಂಥಕ್ಕೆ ಮರಳೋಣ. ಓಟಗಳ ವರ್ಣನೆಯೊಡನೆ ತೂಗಿ ನೋಡಿದರೆ ಕರಿಯರ ವಿಹಾರಸಂಘಗಳಿಗೆ ಅದರಲ್ಲಿ ದೊರೆತಿರುವ ಸ್ಥಳ ತೀರ ಅಲ್ಪ. ಅವನ ಕಥನದಲ್ಲಿ ಕರಿಯ ಸವಾರನೆಂದರೆ ಬಹುಮಟ್ಟಿಗೆ ಅವನೊಬ್ಬನೇ. ಇದು ಅಹಂಕಾರವಲ್ಲ, ಎದುರಾಳಿಗಳ ನಡುವೆ ಏಕಾಕಿಯಾಗಿ ಓಡಿದವನ ಅನುಭವವೇ ಅದು. ಮೇಲಾಗಿ ಓಟದ ವೃತ್ತಾಂತವನ್ನು ಬರೆಯಲು ಹೊರಟವನು ವಿಹಾರದ ಇತಿಹಾಸವನ್ನು ಬರೆಯಲಿಲ್ಲವೆಂದು ದೂರುವುದು ನ್ಯಾಯವೂ ಅಲ್ಲ. ದೋಷವು ಗ್ರಂಥದಲ್ಲಿಲ್ಲ, ಅದೊಂದನ್ನೇ ಜನಾಂಗದ ಪ್ರತಿನಿಧಿಯೆಂದು ಸ್ವೀಕರಿಸಿದ ನಂತರದವರಲ್ಲಿದೆ. ಒಬ್ಬನೇ ಚಾಂಪಿಯನ್ನನ್ನು ಎತ್ತಿ ತೋರಿಸಿದಾಗ ಬಹಿಷ್ಕೃತರಾದ ಸಾವಿರಾರು ಸಾಮಾನ್ಯರ ಲೆಕ್ಕ ಕೇಳುವವರಿಲ್ಲದಾಗುತ್ತದೆ. ಅಸಾಮಾನ್ಯನಾದವನಿಗೆ ಮಾತ್ರ ಬಾಗಿಲು ತೆರೆಯುವುದು ಸಮಾನತೆಯಲ್ಲ. ಸಾಮಾನ್ಯನಾಗಿರುವ, ನಿಧಾನವಾಗಿ ಹೋಗುವ, ಸೋಲುವ ಹಕ್ಕೂ ಸಮಾನತೆಯಲ್ಲಿ ಸೇರಿದೆ.

ಗ್ರಂಥವು ಹೊರಬಂದ ೧೯೨೮ರಲ್ಲಿಯೇ, ಈಸ್ಟರ್ ಹಬ್ಬದ ರಜದಲ್ಲಿ, ಐವರು ಕರಿಯ ತರುಣಿಯರು ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಸುಮಾರು ೨೫೦ ಮೈಲಿಗಳನ್ನು ಮೂರು ದಿನಗಳಲ್ಲಿ ಸೈಕಲ್ಲಿನ ಮೇಲೆ ಹೋದರು. ಪಂದ್ಯವಿಲ್ಲ, ಬಹುಮಾನವಿಲ್ಲ, ವಿಹಾರವೇ ಉದ್ದೇಶ. ಟೇಲರನ ಗ್ರಂಥವೂ ಈ ಪ್ರವಾಸವೂ ಒಂದೇ ವರ್ಷದವು. ಇತಿಹಾಸಕಾರನು ಎರಡನ್ನೂ ಒಟ್ಟಿಗೆ ಓದಬೇಕು.

ಈಚಿನ ವಿದ್ವಾಂಸರು ಈ ಕೊರತೆಯನ್ನು ಭಾಗಶಃ ತುಂಬಿದ್ದಾರೆ. ಆಂಡ್ರೂ ರಿಚಿ ಅವರು ೧೯೮೮ರಲ್ಲಿ ಪ್ರಕಟಿಸಿದ ಟೇಲರನ ಜೀವನಚರಿತ್ರೆಯು, ಅವನ ಮಗಳ ನೆನಪುಗಳನ್ನೂ ಬಳಸಿಕೊಂಡು, ಆತ್ಮಚರಿತ್ರೆಯ ಹೇಳಿಕೆಗಳನ್ನು ಒರೆಹಚ್ಚಿ ನೋಡಿದ ಕೃತಿ; ಆದರೂ ಅದು ವೀರರ ದಾರಿಯಲ್ಲಿಯೇ ನಡೆಯುತ್ತದೆ. ಲೊರೆಂಜ್ ಫಿನಿಸನ್ ಅವರು ೨೦೧೪ರಲ್ಲಿ ಬರೆದ ಬಾಸ್ಟನ್ನಿನ ಸೈಕಲ್ ಹುಚ್ಚಿನ ಇತಿಹಾಸವು ಸಂಘಗಳ, ಮೇಳಗಳ, ಸಾಮಾನ್ಯ ಸದಸ್ಯರ ಕಡೆಗೆ ತಿರುಗಿ, ಕಿಟ್ಟಿ ನಾಕ್ಸಳಿಗೆ ಅವಳ ಸ್ಥಾನವನ್ನು ಕೊಟ್ಟಿದೆ. ನಮ್ಮ ಅಭಿಪ್ರಾಯದಲ್ಲಿ ಮುಂದಿನ ಸಂಶೋಧನೆಗೆ ಎರಡನೆಯ ಮಾರ್ಗವೇ ಹೆಚ್ಚು ಫಲಪ್ರದ.

ಲೂಯಿವಿಲ್ಲಿನ ನಿರ್ಣಯವನ್ನು ಲೀಗಿನ ಉತ್ತರಾಧಿಕಾರಿ ಸಂಸ್ಥೆಯು ವಿಧಿವತ್ತಾಗಿ ತಳ್ಳಿಹಾಕಿದ್ದು ೧೯೯೯ರಲ್ಲಿ, ಎಂದರೆ ೧೦೫ ವರ್ಷಗಳ ತರುವಾಯ. ಆ ವೇಳೆಗೆ ಸಂಸ್ಥೆಯ ಹೆಸರೂ ಬದಲಾಗಿದ್ದಿತು. ಅದಕ್ಕೆ ಇಪ್ಪತ್ತು ವರ್ಷ ಮುಂಚೆ, ೧೯೭೯ರಲ್ಲಿ, ಒಹಾಯೋದ ಕೊಲಂಬಸ್ಸಿನಲ್ಲಿ ಕರಿಯ ಸವಾರರು ಒಂದು ಸಂಘವನ್ನು ಕಟ್ಟಿ ಅದಕ್ಕೆ ಮೇಜರ್ ಟೇಲರನ ಹೆಸರನ್ನೇ ಇಟ್ಟರು. ಅದೇ ಹೆಸರಿನ ಸಂಘಗಳು ಬಳಿಕ ಅನೇಕ ನಗರಗಳಲ್ಲಿ ಹುಟ್ಟಿದುವು. ೨೦೧೩ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಆರಂಭವಾದ 'ಬ್ಲ್ಯಾಕ್ ಗರ್ಲ್ಸ್ ಡು ಬೈಕ್' ಎಂಬ ಸಂಸ್ಥೆಯು ಕರಿಯ ಸ್ತ್ರೀಯರನ್ನು ಸವಾರಿಗೆ ಕರೆದಿದೆ. ಓಟಗಾರನ ಹೆಸರು ವಿಹಾರಿಗಳ ಹೆಸರಾದುದು ಅರ್ಥಪೂರ್ಣ. ವಿದ್ವಾಂಸರು ಮಾಡದೆ ಬಿಟ್ಟಿದ್ದ ತಿದ್ದುಪಡಿಯನ್ನು ಸವಾರರೇ ಮಾಡಿದರು.

ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಒಂದು ಪಾಠವಿದೆ. ಯಾವುದೇ ಸಂಘದ ಚರಿತ್ರೆಯನ್ನು ಬರೆಯಲು ಹೊರಟವನು ಅದರ ವಿಜಯಗಳ ಪಟ್ಟಿಗಿಂತ ಮೊದಲು ಅದರ ಸದಸ್ಯತ್ವದ ನಿಯಮಾವಳಿಯನ್ನು ಓದಬೇಕು. ನಮ್ಮ ಊರುಗಳ ಕ್ಲಬ್ಬು, ಗರಡಿ, ವಾಚನಾಲಯಗಳಿಗೂ ಈ ಮಾತು ಸಲ್ಲುತ್ತದೆ. ಒಂದು ಜನಾಂಗವನ್ನು ಒಂದು ಶತಮಾನದ ಕಾಲ ಹೊರಗಿಡಲು ಲೂಯಿವಿಲ್ಲಿನಲ್ಲಿ ಬೇಕಾದದ್ದು ಒಂದು ಪದ. ಟೇಲರನ ಆತ್ಮಚರಿತ್ರೆಯು ಆ ಪದದ ಎದುರು ಒಬ್ಬ ಮನುಷ್ಯನು ಎಷ್ಟು ವೇಗವಾಗಿ ಓಡಬೇಕಾಯಿತೆಂಬುದನ್ನು ತಿಳಿಸುತ್ತದೆ. ಓಡಲಾರದವರ ಗತಿ ಏನಾಯಿತೆಂಬುದನ್ನು ನಾವು ಬೇರೆಡೆಯಲ್ಲಿ ಹುಡುಕಬೇಕಾಗಿದೆ.