‘ನೆಜಿಶಿಕಿ’ಯ ಒಂದು ಪಾಠವಿಚಾರ

ಓಲೆಯ ಪ್ರತಿಗಳನ್ನು ಪರಿಶೋಧಿಸುವವರಿಗೆ ಲಿಪಿಕಾರನ ಕೈತಪ್ಪು ಚಿರಪರಿಚಿತವಾದುದು. ಅಪಪಾಠವನ್ನು ಕಳೆದು ಕವಿಯ ಮೂಲಪಾಠವನ್ನು ಉದ್ಧರಿಸುವುದೇ ಸಂಪಾದಕನ ಧರ್ಮವೆಂಬುದು ವಿದ್ವಾಂಸರ ಸಾಮಾನ್ಯಮತ. ಈ ಧರ್ಮಕ್ಕೆ ಅಪವಾದವುಂಟೇ ಎಂಬ ಪ್ರಶ್ನೆಯನ್ನು ಜಪಾನ್ ದೇಶದ ಒಂದು ಚಿತ್ರಕಥೆಯು ಎತ್ತುತ್ತದೆ.

ಆ ದೇಶದಲ್ಲಿ ಚಿತ್ರಕಥೆಗೆ ‘ಮಾಂಗಾ’ ಎಂದು ಹೆಸರು. ದೊಡ್ಡ ಪ್ರಕಾಶಕರ ಹಾದಿಯನ್ನು ಬಿಟ್ಟು ನಡೆದ ಲೇಖಕರಿಗೆ ಆಶ್ರಯವಾಗಿದ್ದುದು ನಾಗಾಯ್ ಕಾತ್ಸುಇಚಿಯವರು 1964ರಲ್ಲಿ ಸ್ಥಾಪಿಸಿದ ‘ಗಾರೋ’ ಎಂಬ ಮಾಸಪತ್ರಿಕೆ. ತ್ಸುಗೆ ಯೋಶಿಹಾರು ಅವರ ‘ನೆಜಿಶಿಕಿ’, ಎಂದರೆ ‘ತಿರುಪಿನ ಶೈಲಿ’, 1968ರಲ್ಲಿ ಅದರ ವಿಶೇಷ ಸಂಚಿಕೆಯಲ್ಲಿ ಪ್ರಕಟವಾಯಿತು. ಕಡಲಿಗೆ ಈಜಲು ಬಂದ ತರುಣನೊಬ್ಬನ ಎಡದೋಳನ್ನು ಜೆಲ್ಲಿಮೀನೊಂದು ಕಚ್ಚಿ ರಕ್ತನಾಳ ಹರಿಯುತ್ತದೆ. ಅವನು ವೈದ್ಯನನ್ನರಸುತ್ತ ಬೆಸ್ತರ ಊರಿನಲ್ಲಿ ಅಲೆಯುತ್ತಾನೆ. ಕಡೆಗೆ ಸ್ತ್ರೀರೋಗಗಳ ವೈದ್ಯೆಯೊಬ್ಬಳು ಆ ನಾಳವನ್ನು ತಿರುಪಿನಿಂದ ಜೋಡಿಸುತ್ತಾಳೆ. ಅದನ್ನು ಬಿಗಿದಾಗಲೆಲ್ಲ ಅವನ ತೋಳು ಜೋಮು ಹಿಡಿಯುತ್ತದೆ.

ಆ ಜೆಲ್ಲಿಮೀನಿಗೆ ಅಚ್ಚಿನಲ್ಲಿರುವ ಹೆಸರು ‘ಮೆಮೆ’. ಹಸ್ತಪ್ರತಿಯಲ್ಲಿದ್ದುದಾದರೋ ‘××’ ಎಂಬ ಗುರುತು. ಯಾವುದೋ ಒಂದು ಜಾತಿಯದೆಂದಷ್ಟೇ ಅದರ ತಾತ್ಪರ್ಯ. ಜಪಾನೀ ಲಿಪಿಯ ‘ಮೆ’ ಅಕ್ಷರವು ಇದನ್ನೇ ಹೋಲುವುದರಿಂದ ಅಚ್ಚುಮೊಳೆ ಜೋಡಿಸುವವರು ಗುರುತನ್ನು ಅಕ್ಷರವೆಂದು ಭ್ರಮಿಸಿದರು. ಕೃತಿಕಾರರು ಇದನ್ನರಿತೂ ತಿದ್ದಿಸಲಿಲ್ಲ. ಮುಂದಿನ ಮುದ್ರಣಗಳಲ್ಲಿಯೂ ಅದೇ ಪಾಠವು ನಿಂತಿತು.

ಮೂಲದ ಉದ್ದೇಶವು ಅನಾಮಧೇಯತೆಯಾಗಿರಲು ಹೆಸರನ್ನು ಉಳಿಸುವುದು ಅನುಚಿತವೆಂದು ಆಕ್ಷೇಪಿಸಬಹುದು. ಆದರೆ ‘ಮೆಮೆ’ ಎಂಬ ಹೆಸರಿನ ಪ್ರಾಣಿಯನ್ನು ಕಂಡವರಿಲ್ಲ. ಆದುದರಿಂದ ಅಜ್ಞಾತವಾದುದು ಅಜ್ಞಾತವಾಗಿಯೇ ಉಳಿಯಿತು. ಅಷ್ಟೇ ಅಲ್ಲದೆ, ಅದನ್ನು ನಿಸ್ಸಂದೇಹವಾಗಿ ಹೆಸರಿಡಿದು ಕರೆಯುವ ತರುಣನ ಮಾತಿನಲ್ಲಿ ಕನಸಿಗೆ ಸಹಜವಾದ ಒಂದು ನಿಶ್ಚಯವು ಮೂಡಿತು. ಮೇಲಾಗಿ ಜಪಾನೀ ಭಾಷೆಯಲ್ಲಿ ‘ಮೆ’ ಎಂದರೆ ಕಣ್ಣೆಂದೂ ಅರ್ಥವಾಗುತ್ತದೆ. ಕಥೆಯಲ್ಲಿ ಮುಂದೆ ತರುಣನು ಒಂದು ಬೀದಿಯನ್ನು ಹೊಗುತ್ತಾನೆ. ಅಲ್ಲಿ ಎತ್ತ ನೋಡಿದರೂ ಕಣ್ಣಿನ ವೈದ್ಯರ ಫಲಕಗಳೇ. ಆಕಸ್ಮಿಕವಾಗಿ ಬಂದ ಶಬ್ದಕ್ಕೂ ಉದ್ದೇಶಪೂರ್ವಕವಾಗಿ ಬರೆದ ಚಿತ್ರಕ್ಕೂ ಹೀಗೆ ಸಂಬಂಧವೇರ್ಪಟ್ಟಿತು. ಚಿತ್ರವನ್ನು ಬಿಟ್ಟು ಮಾತನ್ನು ಮಾತ್ರ ಓದುವವರಿಗೆ ಈ ಧ್ವನಿಯು ಗೋಚರಿಸದು.

ಇದರಿಂದ ಲಿಪಿಕಾರರ ದೋಷಗಳೆಲ್ಲವೂ ಗ್ರಾಹ್ಯವೆಂದು ತಿಳಿಯಬಾರದು. ಓಲೆಯ ದೋಷಗಳಿಗೆ ಸಾಮಾನ್ಯವಾಗಿ ಕವಿಯ ಸಮ್ಮತಿಯಿಲ್ಲ, ಇಲ್ಲಿ ಅದುಂಟು. ಕರ್ತೃವು ಕಂಡು ಅಂಗೀಕರಿಸಿದ ಪಾಠವು, ಅದರ ಹುಟ್ಟು ಎಂತಹುದೇ ಆಗಲಿ, ಕರ್ತೃವಿನದೇ ಎಂಬುದು ನಮ್ಮ ಮತ. ಆದಕಾರಣ ಈ ಕೃತಿಯನ್ನು ಅನುವಾದಿಸುವವರು ‘ಯಾವುದೋ ಒಂದು ಜೆಲ್ಲಿಮೀನು’ ಎಂದು ತಿದ್ದದೆ ‘ಮೆಮೆ’ ಎಂದೇ ಉಳಿಸಿ, ಪಾಠದ ಚರಿತ್ರೆಯನ್ನು ಟಿಪ್ಪಣಿಯಲ್ಲಿ ತಿಳಿಸುವುದು ಯುಕ್ತ.